ಎರಡು ಸಾಲಿನ ಮಣೆ

"ಬುದ್ಧೀ, ಇನ್ನೂ ಎಷ್ಟು ಇಳಿಸಿದ್ರೆ ಅವನು ಅಂಗಡಿ ಬಾಗಿಲು ಹಾಕ್ತಾನೆ?"

ಮಠದ ಸ್ವಾಮಿಗಳನ್ನು ಹೀಗೆ ಕೇಳಿದವನು ತಿಪ್ಪೇಶ, ಪೇಟೆಯಲ್ಲಿ ವಿಡಿಯೋ ಗೇಮ್ ಪೆಟ್ಟಿಗೆ ಮಾರುವವನು. ಎದುರಂಗಡಿಯ ಕೊಟ್ರೇಶನೂ ಅದನ್ನೇ ಮಾರುತ್ತಾನೆ, ಬೇರೆ ಕಂಪನಿಯದು. ಇಬ್ಬರೂ ಒಂದೇ ಓಣಿಯಲ್ಲಿ ಬೆಳೆದವರು, ಒಂದೇ ಟಿ.ವಿ. ಮುಂದೆ ಕೂತು ಆಡಿದವರು. ಈಗ ಆರು ತಿಂಗಳಿಂದ ಮಾತಿಲ್ಲ. ಅವನು ಐನೂರು ಇಳಿಸಿದರೆ ಇವನು ಸಾವಿರ ಇಳಿಸುತ್ತಾನೆ. ತಿಪ್ಪೇಶ ಪೆಟ್ಟಿಗೆಯನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರುತ್ತಿದ್ದ. ನಷ್ಟವನ್ನು ಆಮೇಲೆ ಆಟದ ಡಿಸ್ಕುಗಳ ಮೇಲೆ ಎತ್ತಿಕೊಳ್ಳುವ ಯೋಚನೆ ಅವನದು. ಪೆಟ್ಟಿಗೆಯಲ್ಲಿ ಬರುವುದು ಒಂದೇ ಕಂಟ್ರೋಲರ್, ಒಬ್ಬನು ಕೈಯಲ್ಲಿ ಹಿಡಿದು ಆಡುವಂಥದು. ಎದುರಂಗಡಿಯನ್ನು ಮೀರಿಸಲು ಎರಡನೆಯದನ್ನೂ ಪುಕ್ಕಟೆ ಸೇರಿಸುತ್ತಿದ್ದ.

ಮಠದ ಮಕ್ಕಳಿಗೆಂದು ಅಂಥದೊಂದು ಪೆಟ್ಟಿಗೆ ತಂದು ಸ್ವಾಮಿಗಳ ಮುಂದೆ ಇಟ್ಟಿದ್ದ. ಅದರಲ್ಲಿ ಭಕ್ತಿಗಿಂತ ಪ್ರಚಾರವೇ ಹೆಚ್ಚಿತ್ತು. ಅದು ಸ್ವಾಮಿಗಳಿಗೂ ಗೊತ್ತಿತ್ತು. ಅವರು ಪೆಟ್ಟಿಗೆ ಬಿಚ್ಚಿಸಿ, ಎರಡು ಕಂಟ್ರೋಲರುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಕತೆ ತೆಗೆದರು.

ಒಂದು ಊರಿನಲ್ಲಿ ಇಬ್ಬರು ವ್ಯಾಪಾರಿಗಳು. ಎದುರುಬದುರು ಅಂಗಡಿ. ಇಬ್ಬರೂ ಮಾರುತ್ತಿದ್ದುದು ಅಳಗುಳಿ ಮಣೆ. ಏಳೇಳು ಗುಳಿಗಳ ಎರಡು ಸಾಲು. ಒಂದು ನನ್ನದು, ಒಂದು ನಿನ್ನದು. ಒಬ್ಬನದು ಹಲಸಿನ ಮರದ ಮಣೆ, ಇನ್ನೊಬ್ಬನದು ಬೀಟೆಯ ಮಣೆ. ಹಗಲೆಲ್ಲ ಪೈಪೋಟಿ. ಸಂಜೆ ಮಾತ್ರ ಒಂದು ಪದ್ಧತಿ ಇತ್ತು. ಬಾಗಿಲು ಹಾಕುವ ಮುಂಚೆ ಒಬ್ಬನು ಕಟ್ಟೆಯ ಮೇಲೆ ಮಣೆ ಇಡುವನು, ಇನ್ನೊಬ್ಬನು ಬೀದಿ ದಾಟಿ ಬರುವನು, ಒಂದು ಆಟ ಆಡುವರು. ಹೋಗಿಬರುವವರು ನಿಂತು ನೋಡುವರು, ಪಕ್ಷ ಕಟ್ಟುವರು, ತಮಗೂ ಆಡುವ ಆಸೆಯಾಗಿ ಒಂದು ಮಣೆ ಕೊಂಡು ಹೋಗುವರು. ತಮ್ಮ ಆಟವೇ ತಮ್ಮ ವ್ಯಾಪಾರ ನಡೆಸುತ್ತಿದೆ ಎಂಬುದು ಇಬ್ಬರಿಗೂ ತಿಳಿಯಲಿಲ್ಲ. ಕಣ್ಣಿಗೆ ರೆಪ್ಪೆ ಎಲ್ಲಿ ಕಾಣುತ್ತದೆ!

ಹಲಸಿನ ಮಣೆಯವನಿಗೆ ಒಂದು ದಿನ ಉಪಾಯ ಹೊಳೆಯಿತು. ಮಣೆಯನ್ನು ನಷ್ಟಕ್ಕೆ ಕೊಡುವುದು, ಆಟದ ಕಾಯಿಗಳಲ್ಲಿ ಲಾಭ ಎತ್ತುವುದು. ಗುಳಿಗಳನ್ನು ಕಿರಿದು ಮಾಡಿಸಿದ. ನಾಲ್ಕು ಹುಣಸೆಬೀಜ ಹಾಕಿದರೆ ತುಳುಕಬೇಕು, ಅವನ ಅಂಗಡಿಯ ಸಣ್ಣ ಮಣಿಗಳೇ ಬೇಕು. ಹಿತ್ತಲಲ್ಲಿ ಬಿದ್ದಿದ್ದ ಬೀಜದಿಂದ ಆಡುತ್ತಿದ್ದ ಆಟಕ್ಕೂ ಬೆಲೆ ಕಟ್ಟಿದ ಮಹಾನುಭಾವ!

ಬೀಟೆಯವನೂ ಬೆಲೆ ಇಳಿಸಿದ. ಇವನು ಇನ್ನೂ ಇಳಿಸಿದ. ಆ ಸಂಜೆ ಬೀಟೆಯವನು ಬೀದಿ ದಾಟಿ ಬಂದ. ಆಟಕ್ಕೆ ಕೂರಲಿಲ್ಲ.

"ಅಣ್ಣಾ, ನನ್ ಹತ್ರ ಮಣಿ ಇಲ್ಲ, ಮಣೆ ಒಂದೇ ಇರೋದು. ಈ ಬೆಲೆಗೆ ಮಾರಿದ್ರೆ ನಾನು ಉಳಿಯಲ್ಲ. ಇಬ್ರೂ ಹಳೇ ಬೆಲೆಗೆ ನಿಲ್ಲೋಣ."

"ವ್ಯಾಪಾರ ಬೇರೆ, ಸ್ನೇಹ ಬೇರೆ ಕಣಪ್ಪ. ಕೂತ್ಕೋ, ಆಡು."

ಅವನು ಹಿಂದಿರುಗಿ ಹೋದ. ಹೋದವನು ಹಟಕ್ಕೆ ಬಿದ್ದ. ಮಣಿಯ ಲಾಭವಿಲ್ಲದೆಯೂ ಸಮಕ್ಕೆ ಸಮ ಇಳಿಸಿದ. ತನ್ನ ಮೂಗು ಕೊಯ್ದುಕೊಂಡು ಎದುರಿನವನಿಗೆ ಅಪಶಕುನ ಮಾಡುವುದೆಂದರೆ ಇದೇ. ಊರ ಜನಕ್ಕೆ ಸುಗ್ಗಿ, ಅವನಿಗೆ ಹೊಟ್ಟೆಗೆ ತಣ್ಣೀರು ಬಟ್ಟೆ. ಮೊದಲು ಮರದ ದಾಸ್ತಾನು ಹೋಯಿತು, ಆಮೇಲೆ ಉಳಿ ಬಾಚಿ ಹೋದವು. ಕಡೆಗೊಂದು ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟಿದ್ದ. ಎಲ್ಲಿಗೆಂದು ಯಾರಿಗೂ ಹೇಳಿರಲಿಲ್ಲ.

ಹಲಸಿನ ಮಣೆಯವನು ಗೆದ್ದ. ಇಡೀ ಬೀದಿ ಅವನದೇ ಆಯಿತು. ಆ ಸಂಜೆ ರೂಢಿಯಂತೆ ಮಣೆ ತಂದು ಕಟ್ಟೆಯ ಮೇಲಿಟ್ಟು, ಎರಡೂ ಸಾಲಿಗೆ ಮಣಿ ತುಂಬಿದ. ಈ ಕಡೆಯಿಂದ ಒಮ್ಮೆ ಆಡಿದ. ಎದ್ದು ಹೋಗಿ ಆ ಕಡೆ ಕೂತು ಅಲ್ಲಿಂದಲೂ ತಾನೇ ಆಡಿದ. ಯಾರೂ ನಿಂತು ನೋಡಲಿಲ್ಲ. ಸೋಲುವವನೇ ಇಲ್ಲದ ಆಟವನ್ನು ನೋಡುವುದೇನು? ಆಟ ನೋಡದವರಿಗೆ ಮಣೆಯ ಆಸೆ ಹುಟ್ಟಲಿಲ್ಲ. ಆಸೆಗಲ್ಲದೆ ಅಗ್ಗಕ್ಕೆ ಕೊಂಡಿದ್ದ ಮಣೆಗಳು ಮನೆಮನೆಯ ಅಟ್ಟ ಸೇರಿದವು. ಮಣಿ ಕೇಳಿಕೊಂಡು ಯಾರೂ ಬರಲಿಲ್ಲ.

ನಷ್ಟಕ್ಕೆ ಅವನು ಅಳಲಿಲ್ಲ. ಒಂದು ಸಂಜೆ ಎದುರು ಸಾಲಿನ ಮಣಿಗಳನ್ನು ಬಾಚಿಕೊಳ್ಳುವಾಗ, ಇಲ್ಲಿ ಆಡುತ್ತಿದ್ದ ಕೈ ಬೇರೆ ಎಂಬುದು ನೆನಪಾಯಿತು. ನಾಲ್ಕು ಜನ ನೋಡುತ್ತಾರೆಂಬ ಸಂಕೋಚವೂ ಇಲ್ಲದೆ ಕಟ್ಟೆಯ ಮೇಲೆಯೇ ಕೂತು ಅತ್ತ.

ಸ್ವಾಮಿಗಳು ಕತೆಯನ್ನು ಅಲ್ಲಿಗೆ ಮುಗಿಸಿದರು. ಓಣಿಯ ಹಳೆಯ ಟಿ.ವಿ. ತಿಪ್ಪೇಶನ ಕಣ್ಣ ಮುಂದೆ ಬಂದು ಹೋಯಿತು. ಆದರೂ ಅವನೊಳಗಿನ ವ್ಯಾಪಾರಿ ಸೋಲಲು ಒಪ್ಪಲಿಲ್ಲ.

"ಅದು ಮಣೆ ಬುದ್ಧೀ, ಇದು ಮಿಷಿನ್ನು. ಎದುರಿಗೆ ಯಾರೂ ಇಲ್ದಿದ್ರೂ ಒಬ್ಬನೇ ಆಡಬಹುದು."

ಸ್ವಾಮಿಗಳು ಒಂದು ಕಂಟ್ರೋಲರನ್ನು ಅವನ ಕೈಗೆ ಕೊಟ್ಟರು. ಇನ್ನೊಂದನ್ನು ಅವನ ಪಕ್ಕದಲ್ಲಿ, ಖಾಲಿ ಚಾಪೆಯ ಮೇಲೆ ಇಟ್ಟರು.

"ಹಾಗಾದ್ರೆ ಈ ಎರಡನೇದನ್ನ ಯಾರಿಗೆ ಅಂತ ಸೇರಿಸಿದೀಯಪ್ಪಾ?"