ಒಂದಕ್ಕೆ ಎರಡು

ಚರ್ಚಿನ ಉಗ್ರಾಣದಲ್ಲಿ ವಾಸವಾಗಿದ್ದ ಹೆಗ್ಗಣ ಒಂದು ಪ್ರಕಟಣೆ ಹೊರಡಿಸಿತು. ತಾನು ಗುರುತಿಸಿದ ಮೂರು ಸಂಘಗಳಲ್ಲಿ ಯಾವುದಕ್ಕಾದರೂ ಕ್ರಿಸ್‌ಮಸ್ ಒಳಗೆ ಯಾರು ಎಷ್ಟು ಕಾಳು, ತಿಂಡಿ ಕೊಟ್ಟರೂ ಅಷ್ಟನ್ನೇ ತಾನೂ ಸೇರಿಸುವುದಾಗಿ ತಿಳಿಸಿತು. ಹೆಗ್ಗಣದ ಕಾಳು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ.

ಅಂಗಳದ ಪೇರಲೆ ಮರದಲ್ಲಿದ್ದ ಅಳಿಲು ಒಂದು ಹಿಡಿ ಕಡಲೆಬೀಜ ಎತ್ತಿಟ್ಟುಕೊಂಡು, ಮೊಲಗಳ ಅನಾಥಾಲಯಕ್ಕೆ ಕೊಡಲೋ, ಮುದಿ ಗೂಬೆಗಳ ಆಶ್ರಮಕ್ಕೋ, ನವಿಲು ನಡೆಸುವ ಗಾಯಾಳು ಪಕ್ಷಿಗಳ ಸಂಘಕ್ಕೋ ಎಂದು ನಾಲ್ಕು ದಿನ ಯೋಚಿಸಿತು.

ಕೆಳಗಿನ ಕೊಂಬೆಯಲ್ಲಿ ರೆಕ್ಕೆ ಮುರಿದುಕೊಂಡು ಕೂತಿದ್ದ ಮೈನಾ ಹೇಳಿತು: "ಅಳಿಲಣ್ಣ, ಎರಡು ದಿನದಿಂದ ಹೊಟ್ಟೆಗಿಲ್ಲ. ಅದರಲ್ಲಿ ನಾಲ್ಕು ಬೀಜ ನನಗೇ ಕೊಡಬಾರದೆ?"

"ನಿನಗೆ ಕೊಟ್ಟರೆ ನಾಲ್ಕು ನಾಲ್ಕಾಗಿಯೇ ಉಳಿಯುತ್ತದೆ. ಸಂಘಕ್ಕೆ ಕೊಟ್ಟರೆ ಎಂಟಾಗುತ್ತದೆ. ನಾನು ವಿವೇಚನೆಯಿಂದ ದಾನ ಮಾಡುವವನು."

"ಆ ಎಂಟರಲ್ಲಿ ನನಗೆಷ್ಟು ಬರುತ್ತದೆ?"

"ನವಿಲಿನ ಸಂಘವನ್ನು ಆರಿಸಿದೆ ಅಂತಿಟ್ಟುಕೋ. ಮಾರ್ಚ್‌ನಲ್ಲಿ ಅರ್ಜಿ ಕರೆಯುತ್ತಾರೆ. ಆಮೇಲೆ ನೋಡಬಹುದು."

"ಮಾರ್ಚ್‌ವರೆಗೆ ಬದುಕಿರುವ ಗಾಯಾಳುಗಳಿಗೆ ಒಳ್ಳೆಯ ಸಂಘ," ಎಂದಿತು ಮೈನಾ.

ಅಷ್ಟರಲ್ಲಿ, ಪ್ರಕಟಣೆಯ ಸುದ್ದಿಯೇ ತಿಳಿಯದ ಕಾಗೆಯೊಂದು ಒಂದು ತುಂಡು ಕೇಕ್ ಕಚ್ಚಿಕೊಂಡು ಬಂದು ಕೂತಿತು. ಮೈನಾವನ್ನು ನೋಡಿ ಅರ್ಧವನ್ನು ಅದರ ಮುಂದೆ ಹಾಕಿ, ಉಳಿದರ್ಧವನ್ನು ತಾನು ತಿನ್ನತೊಡಗಿತು.

ಅಳಿಲಿಗೆ ನಿಜವಾಗಿಯೂ ಬೇಸರವಾಯಿತು. "ಎಂಥ ನಷ್ಟ ಮಾಡಿದೆಯಯ್ಯ," ಎಂದಿತು ಕಾಗೆಗೆ. "ಸಂಘದ ಮೂಲಕ ಕೊಟ್ಟಿದ್ದರೆ ಆ ಅರ್ಧ ತುಂಡು ಪೂರ್ತಿ ತುಂಡಾಗುತ್ತಿತ್ತು."

ಕಾಗೆ ಮೈನಾದ ಕಡೆ ನೋಡಿತು. ಮೈನಾದ ಬಾಯಿ ತುಂಬ ಕೇಕ್ ಇದ್ದುದರಿಂದ ಅದು ಅಭಿಪ್ರಾಯ ಹೇಳಲಿಲ್ಲ.