ನೋನಿ ಗಿಡದ ರಾಯಭಾರಿ

ಕಾಲೇಜು ಮೈದಾನದ ನೋನಿ ಗಿಡದ ನಾರುವ ಹಣ್ಣನ್ನು ಯಾವ ಹಕ್ಕಿಯೂ ಮೂಸುತ್ತಿರಲಿಲ್ಲ. ಗಿಡ ಗೊರವಂಕವನ್ನು ಕರೆದು, "ಇಂದಿನಿಂದ ನೀನೇ ನನ್ನ ರಾಯಭಾರಿ," ಎಂದಿತು. ಬಿರುದಿಗೆ ಉಬ್ಬಿದ ಗೊರವಂಕ ಕಂಡಕಂಡ ಹಕ್ಕಿಗೆಲ್ಲ "ಊಟ ಆಯ್ತಾ?" ಎಂದು ಮಾತು ತೆಗೆದು, ನೋನಿಯ ಗುಣಗಾನಕ್ಕಿಳಿಯುತ್ತಿತ್ತು. ಬರಬರುತ್ತಾ ಅದು ಬಂದರೆ ಸಾಕು, ಹಕ್ಕಿಗಳು ಕೊಂಬೆ ಬದಲಿಸತೊಡಗಿದವು. ಮಾತಿಗೆ ಯಾರೂ ಸಿಗದೆ ಕಂಗೆಟ್ಟ ಗೊರವಂಕ ಒಂದು ದಿನ ರಾಯಭಾರಕ್ಕೆ ಕೈಮುಗಿದು, ಬಾಲ್ಯದ ಗೆಳತಿ ಪಿಕಳಾರದ ಪಕ್ಕ ಬಂದು ಕೂತಿತು.

"ಊಟ ಆಯ್ತಾ?"

"ಆಯ್ತು ಮಾರಾಯ್ತಿ, ಕಂಠಮಟ್ಟ ಆಯ್ತು. ನಿನ್ನ ಹಣ್ಣು ಬೇಡ."

"ಹಣ್ಣಿನ ಮಾತಲ್ಲ ಕಣೇ. ಆ ಕೆಲಸ ಬಿಟ್ಟೆ. ಸುಮ್ಮನೆ ಕೇಳಿದೆ."

"ನಿನ್ನೆಯೂ ಸುಮ್ಮನೆ ಅಂತಲೇ ಶುರುಮಾಡಿದ್ದೆ," ಎಂದು ಪಿಕಳಾರ ಹಾರಿಹೋಯಿತು.

ಗೆಳತಿ ತಿರುಗಿ ಬಂದು "ನಿನ್ನದಾಯ್ತಾ?" ಎಂದು ಒಂದು ಸಲ ಕೇಳಲಿ ಎಂದು ಗೊರವಂಕ ಅದೇ ಕೊಂಬೆಯಲ್ಲಿ ಕಾಯುತ್ತಾ ಕೂತಿತು.