ಹಾವುಮೀನು ಹೊತ್ತು ತಂದ ತವರಿನ ಉಪ್ಪು

ಗಾಜಿನ ತೊಟ್ಟಿಯಲ್ಲಿ ಬಾಯಿ ತೆರೆದು ಮುಚ್ಚುತ್ತಿರುವ ಹಾವುಮೀನು ನಿನ್ನನ್ನು ಬೈಯುತ್ತಿಲ್ಲ, ಪೂರ್ವಿ. ಕಚ್ಚಲೆಂದೂ ಬಾಯಿ ತೆರೆದದ್ದಲ್ಲ. ಹತ್ತು ದಿನದಿಂದ ಅದು ಸಿಗಡಿ ಮುಟ್ಟಿಲ್ಲವೆಂದು ನೀನೂ ತಟ್ಟೆ ದೂಡಿ ಕೂತರೆ, ಇಬ್ಬರಿಗೂ ಉಣಿಸಲು ಈ ಅಜ್ಜಿಗೆ ಇರುವುದು ಎರಡೇ ಕೈ. ಮೊದಲು ಕಥೆ ಕೇಳು, ಆಮೇಲೆ ಅಳು.

ಲೋಕದ ಮೈ ಇನ್ನೂ ಒದ್ದೆಯಾಗಿದ್ದ ಕಾಲ. ಕಡಲಮ್ಮನಿಗೆ ಒಬ್ಬಳೇ ಮಗಳು, ಹೊಳೆ. ಮೋಡ ಅವಳನ್ನು ಎತ್ತಿಕೊಂಡು ಹೋಗಿ ಘಟ್ಟದ ಮನೆಗೆ ಸೇರಿಸಿತ್ತು. ಅಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ತವರು ತವರೇ. ಒಂದು ದಿನ ಹೊಳೆ ಓಡೋಡಿ ಬಂದಳು. ಇನ್ನೇನು ಅಮ್ಮ ಸಿಗಬೇಕು, ನಡುವೆ ಮರಳ ದಿಬ್ಬ ಅಡ್ಡ ಮಲಗಿತ್ತು.

“ಸ್ವಲ್ಪ ಸರಿ ಅಣ್ಣಾ,” ಎಂದಳು ಹೊಳೆ.

“ನಾ ಈಗಷ್ಟೇ ಮಲಗಿದ್ದು. ಆಗುದಿಲ್ಲ,” ಎಂದಿತು ದಿಬ್ಬ.

ಹೊಳೆ ಅಲ್ಲೇ ನಿಂತಳು. ನಿಂತು ನಿಂತು ಸೊರಗಿದಳು, ಮೈಯೆಲ್ಲ ಪಾಚಿ ಕಟ್ಟಿತು. ಆಚೆಯಿಂದ ಅಮ್ಮ ಕರೆಯುವುದು ಕೇಳುತ್ತಿತ್ತು, ಮುಖ ಮಾತ್ರ ಕಾಣುತ್ತಿರಲಿಲ್ಲ.

ದಿಬ್ಬದ ಬುಡದಲ್ಲಿ ಹಾವುಮೀನು ಇತ್ತು. ಕೈಯಿಲ್ಲ, ಕಾಲಿಲ್ಲ, ಕಣ್ಣೂ ಮಂದ. ಬಾಯಿ ಮಾತ್ರ ದೊಡ್ಡದು.

“ಅಮ್ಮನ ಮನೆಯಿಂದ ನಿಂಗೆ ಎಂತ ತರ್ಲಿ ಅಕ್ಕಾ?”

“ಒಂದು ಚಿಟಿಕೆ ಉಪ್ಪು ಸಾಕು ತಮ್ಮಾ. ಅಮ್ಮನ ಕೈರುಚಿ ಮರ್ತೇ ಹೋಯ್ತು.”

ಹಾವುಮೀನು ಮರಳು ಕೊರೆದು ನುಸುಳಿತು. ಬಾಯಿ ತುಂಬ ಕಡಲ ನೀರು ತಂದು ಹೊಳೆಗೆ ಕೊಟ್ಟಿತು. ಹೊಳೆ ರುಚಿ ನೋಡಿ ಅತ್ತಳು. ತಿರುಗಿ ಹೋಗುವಾಗ ಹಾವುಮೀನು ಹೊಳೆಯ ನೀರು ಒಯ್ದಿತು. ಕಡಲಮ್ಮ ರುಚಿ ನೋಡಿ, “ನನ್ನ ಮಗಳು ಇಷ್ಟು ಸಿಹಿಯಾಗಿದ್ದಾಳಾ!” ಎಂದು ಅವಳೂ ಅತ್ತಳು.

ಒಂದು ಬಾಯಿ ಉಪ್ಪು, ಒಂದು ಬಾಯಿ ಸಿಹಿ. ಹೋಗುವುದು, ಬರುವುದು. ಮರಳಿಗೆ ಉಜ್ಜಿ ಉಜ್ಜಿ ಹಾವುಮೀನಿನ ಮೈಯ ಹುರುಪೆಯೆಲ್ಲ ಉದುರಿತು.

“ಮೈ ತುರಿಸ್ತದೆ ಮಾರಾಯಾ, ಸಾಕು ಮಾಡು!” ಎಂದಿತು ದಿಬ್ಬ. ಹಾವುಮೀನು ಸಾಕು ಮಾಡಲಿಲ್ಲ. ಬಿಲ ದೊಡ್ಡದಾಯಿತು, ದಿಬ್ಬ ಕುಸಿಯಿತು, ತಾಯಿ ಮಗಳು ತಬ್ಬಿಕೊಂಡರು. ಅತ್ತ ಉಪ್ಪೂ ಅಲ್ಲದ, ಇತ್ತ ಸಿಹಿಯೂ ಅಲ್ಲದ ಆ ಜಾಗವೇ ಅಳಿವೆ.

ಆ ಸಂಭ್ರಮದಲ್ಲಿ, ಕೆಲಸ ಮುಗಿಯಿತು ಎಂದು ಹಾವುಮೀನಿಗೆ ಹೇಳಲು ಇಬ್ಬರಿಗೂ ನೆನಪಾಗಲಿಲ್ಲ. ಪಾಪದ್ದು. ಅದು ಅಲ್ಲೇ ಬಿಲದಲ್ಲಿ ಉಳಿಯಿತು.

ನಿನ್ನ ಅಪ್ಪ ಅಂಗಡಿಯವನ ಮಾತು ನಂಬಿ ತೊಟ್ಟಿಗೆ ಬರೀ ಬಾವಿ ನೀರು ತುಂಬಿದ. ಅದರಲ್ಲಿ ಅಮ್ಮನ ರುಚಿ ಎಲ್ಲಿಂದ ಬರಬೇಕು? ಮೊನ್ನೆಯಿಂದ ನಾನು ಕಡಲ ಉಪ್ಪು ಕರಗಿಸಿ ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದೇನೆ. ಇವತ್ತಿನ ಚೆಂಬಿನ ಉಪ್ಪುನೀರು ನೀನೇ ಬಿಡು. ನಿಧಾನ.

ನೋಡಿದೆಯಾ, ತೊಟ್ಟಿಯೊಳಗಿನ ಪೈಪಿನಿಂದ ತಲೆ ಹೊರಗೆ ಹಾಕಿತು. ಮೂಸಿತು. ಸಿಗಡಿ ಹಿಡಿಯಿತು!

ಕೆಲಸ ಮುಗಿಯಿತೆಂದು ಯಾರೂ ಹೇಳದ್ದರಿಂದಲೇ ಹಾವುಮೀನು ಇಂದಿಗೂ ಬಿಲದಲ್ಲಿ ಕೂತು ಬಾಯಿ ತೆರೆಯುತ್ತದೆ, ಮುಚ್ಚುತ್ತದೆ: ಒಂದು ಬಾಯಿ ಅಮ್ಮನಿಗೆ, ಒಂದು ಬಾಯಿ ಮಗಳಿಗೆ. ಅದರದ್ದು ಊಟವಾಯಿತು, ಈಗ ನೀನು ಬಾಯಿ ತೆರೆ.